ಹಳೇ ಡೆಸ್ಕ್‌ಟಾಪ್ ಬೋರ್ಡಿಗೆ ಲ್ಯಾಪ್‌ಟಾಪ್ ಪ್ರೊಸೆಸರ್: ಕೂರೋದು ಬೇರೆ, ಓಡೋದು ಬೇರೆ

ಲ್ಯಾಪ್‌ಟಾಪ್ ಡಿಸ್‌ಪ್ಲೇ ಹೋಗಿದೆ, ಒಳಗಿರೋ ಪ್ರೊಸೆಸರ್ ಮಾತ್ರ ಗಟ್ಟಿಯಾಗಿದೆ, ಅದನ್ನ ಕಿತ್ತು ಹಳೇ ಡೆಸ್ಕ್‌ಟಾಪ್‌ಗೆ ಹಾಕ್ಬೋದಾ ಅಂತ ಕೇಳೋರು ಆಗಾಗ ಸಿಗ್ತಾನೇ ಇರ್ತಾರೆ. ಮುಕ್ಕಾಲುಪಾಲು ಸಲ ಉತ್ತರ ಆಗಲ್ಲ ಅಂತಾನೇ. ಇಂಟೆಲ್‌ನ 5ನೇ ಜನರೇಷನ್‌ನಿಂದ ಈಚೆಗೆ ಲ್ಯಾಪ್‌ಟಾಪ್ ಚಿಪ್‌ಗಳನ್ನೆಲ್ಲ ಬೋರ್ಡಿಗೇ ಬೆಸುಗೆ ಹಾಕಿಬಿಡ್ತಾರೆ, ಕಿತ್ತು ಹಾಕೋ ಮಾತೇ ಇಲ್ಲ. ಅದಕ್ಕಿಂತ ಹಿಂದಿನವು ಎಷ್ಟೋ ಸಾಕೆಟ್‌ನಿಂದ ಕೈಗೆ ಬರ್ತವೆ, ಆದ್ರೆ ಆ ಚಿಪ್‌ಗಳಿಗೆ ಹೊಟ್ಟೆ ಕೆಳಗೆ ಪಿನ್ನು, ಅದೇ ಕಾಲದ ಡೆಸ್ಕ್‌ಟಾಪ್ ಸಾಕೆಟ್‌ಗಳಲ್ಲಿ (1156, 1155, 1150) ಪಿನ್ನು ಇರೋದು ಬೋರ್ಡ್ ಕಡೆ, ಎರಡೂ ಕಡೆ ಪಿನ್ನಿದ್ರೆ ಕೂರಿಸೋದು ಎಲ್ಲಿಂದ. ಅಲ್ಲಿಗೆ ಕಥೆ ಮುಗೀತು.

ಇನ್ನೂ ಒಂದು ಗೊಂದಲ ಇದೆ, ಇದರಲ್ಲಿ ಎಡವೋರು ಜಾಸ್ತಿ. ಕೋರ್ 2 ಡ್ಯುಯೋ ಟಿ ಸೀರೀಸ್ ಚಿಪ್‌ಗೆ 478 ಪಿನ್ನು, ಪೆಂಟಿಯಮ್ 4 ಕಾಲದ ಡೆಸ್ಕ್‌ಟಾಪ್ ಸಾಕೆಟ್‌ನ ಹೆಸರೂ 478, ನಂಬರ್ ಒಂದೇ ಅಂದ್ಮೇಲೆ ಕೂತೇ ಕೂರುತ್ತೆ ಅಂದ್ಕೊಂಡು ಒತ್ತಿ ಪಿನ್ ಬಗ್ಗಿಸ್ಕೊಂಡವರಿದಾರೆ. ಪಿನ್ ಲೆಕ್ಕ ಒಂದೇ ಆದ್ರೂ ಜೋಡಣೆ ಬೇರೆ, ಚಿಪ್‌ಸೆಟ್ (ಬೋರ್ಡ್ ಮೇಲಿರೋ ಜೊತೆ ಚಿಪ್‌ಗಳು) ಬೇರೆ, ವೋಲ್ಟೇಜ್ ಬೇರೆ.

ಹಂಗಂತ ಈ ಆಟ ಪೂರ್ತಿ ಸುಳ್ಳು ಅಂತ ಅಲ್ಲ. ಲ್ಯಾಪ್‌ಟಾಪ್‌ಗೂ ಡೆಸ್ಕ್‌ಟಾಪ್‌ಗೂ ಒಂದೇ ಸಾಕೆಟ್ ಇದ್ದ ಕಾಲ ಇತ್ತು, ಆ ಕಾಲದ ಬೋರ್ಡ್ ಒಂದು ಕೈಗೆ ಸಿಕ್ರೆ ಈ ಕೆಲಸ ಚೆನ್ನಾಗೇ ಆಗುತ್ತೆ. ಆದ್ರೆ ಅಲ್ಲೂ ಚಿಪ್ ಸಾಕೆಟ್‌ನಲ್ಲಿ ಕೂತ್ಕೊಳೋದು ಬರೀ ಅರ್ಧ ಕೆಲಸ. ಮಿಕ್ಕಿದ್ದೆಲ್ಲ ಬಯೋಸ್ ಕೈಲಿ, ಅಂದ್ರೆ ಪವರ್ ಒತ್ತಿದ ತಕ್ಷಣ ಓಡೋ, ಬೋರ್ಡಲ್ಲೇ ಇರೋ ಸಣ್ಣ ಸಾಫ್ಟ್‌ವೇರ್ ಕೈಲಿ. ಆ ಚಿಪ್‌ಗೆ ಎಷ್ಟು ವೋಲ್ಟೇಜ್ ಕೊಡ್ಬೇಕು, ಯಾವ ಮಲ್ಟಿಪ್ಲೈಯರ್‌ನಲ್ಲಿ (ಬೋರ್ಡಿನ ಮೂಲ ಕ್ಲಾಕನ್ನ ಇದರಿಂದ ಗುಣಿಸಿದ್ರೆ ಚಿಪ್ ಸ್ಪೀಡ್ ಸಿಗುತ್ತೆ) ಎಬ್ಬಿಸ್ಬೇಕು ಅನ್ನೋದು ಬೋರ್ಡಿಗೆ ಗೊತ್ತಿಲ್ಲ ಅಂದ್ರೆ ಎಷ್ಟೇ ಒಳ್ಳೇ ಚಿಪ್ ಆಗಿದ್ರೂ ಮಂಕಾಗಿ ಕೂತಿರುತ್ತೆ.

ಮೊದ್ಲು ಇದನ್ನ ಯಾಕೆ ಮಾಡ್ಬೇಕು ಅನ್ನೋದು ಹೇಳ್ಬಿಡ್ತೀನಿ, ಯಾಕಂದ್ರೆ ಲ್ಯಾಪ್‌ಟಾಪ್ ಚಿಪ್ ಅಂದ್ರೆ ಪಾಪ ಸ್ಪೀಡ್ ಕಮ್ಮಿ ಇರೋದು ಅನ್ನೋ ಅಭಿಪ್ರಾಯ ಎಷ್ಟೋ ಜನಕ್ಕಿದೆ. ಒಂದೇ ವೇಫರ್‌ನಿಂದ (ಸಿಲಿಕಾನ್ ಬಿಲ್ಲೆಯಿಂದ) ಕತ್ತರಿಸಿದ ಚಿಪ್‌ಗಳೆಲ್ಲ ಒಂದೇ ಥರ ಇರಲ್ಲ, ಕೆಲವು ಕಮ್ಮಿ ವೋಲ್ಟೇಜ್‌ಗೇ ಅದೇ ಸ್ಪೀಡ್‌ನಲ್ಲಿ ಗಟ್ಟಿಯಾಗಿ ನಿಲ್ತವೆ, ಕರೆಂಟ್ ಸೋರಿಕೆನೂ ಕಮ್ಮಿ, ಅಂಥವನ್ನ ಆರಿಸಿ ಲ್ಯಾಪ್‌ಟಾಪ್‌ಗೆ ಇಡೋರು. ಅಂದ್ರೆ ಲ್ಯಾಪ್‌ಟಾಪ್ ಚಿಪ್ ಅನ್ನೋದು ಅದೇ ಬ್ಯಾಚಿನ ಆಯ್ದ ಸರಕು, ಅದನ್ನ ತಂದು ದೊಡ್ಡ ಹೀಟ್‌ಸಿಂಕ್ ಕೆಳಗೆ, ಧಾರಾಳ ಕರೆಂಟ್ ಕೊಡೋ ಬೋರ್ಡ್ ಮೇಲೆ ಕೂರಿಸಿದ್ರೆ ಒಂದೋ ತಣ್ಣಗೆ ಸದ್ದಿಲ್ಲದೆ ಓಡುತ್ತೆ, ಇಲ್ಲಾಂದ್ರೆ ಎಳೆದಷ್ಟೂ ಓವರ್‌ಕ್ಲಾಕ್ ಆಗುತ್ತೆ, ಅಂದ್ರೆ ಫ್ಯಾಕ್ಟರಿ ಸ್ಪೀಡ್‌ಗಿಂತ ಮೇಲೆ ಓಡುತ್ತೆ.

ಇದಕ್ಕೆ ಎಲ್ಲರಿಗೂ ನೆನಪಿರೋ ಉದಾಹರಣೆ ಅಂದ್ರೆ ಎಎಮ್‌ಡಿಯ ಸಾಕೆಟ್ ಎ ಮೇಲಿನ ಅಥ್ಲಾನ್ ಎಕ್ಸ್‌ಪಿ-ಎಂ, ಬಾಲದ ಎಂ ಅಂದ್ರೆ ಮೊಬೈಲ್, ಲ್ಯಾಪ್‌ಟಾಪ್‌ದು. ಡೆಸ್ಕ್‌ಟಾಪ್ ಬಾರ್ಟನ್ (ಆ ಚಿಪ್‌ನ ಒಳಹೆಸರು) 2500+ ಗೆ 1.65 ವೋಲ್ಟ್ ಬೇಕಿತ್ತು, ಮೊಬೈಲ್ ಬಾರ್ಟನ್ 2500+ ಗೆ 1.45 ವೋಲ್ಟ್ ಸಾಕು, 45 ವ್ಯಾಟ್‌ನ ಚಿಪ್ ಅದು. ನೋಡೋಕೆ 0.2 ವೋಲ್ಟ್ ವ್ಯತ್ಯಾಸ ಅಷ್ಟೇ, ಆದ್ರೆ ಪವರ್ ಅನ್ನೋದು ವೋಲ್ಟೇಜಿನ ವರ್ಗಕ್ಕೆ ತಕ್ಕಂಗೆ ಏರೋದ್ರಿಂದ ಅದೇ ಸ್ಪೀಡ್‌ಗೆ ಹತ್ತತ್ರ ಕಾಲು ಭಾಗ ಬಿಸಿ ಅಲ್ಲೇ ಉಳೀತು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿತ್ತು. 2003ರ ಕೊನೆ ಹೊತ್ತಿಗೆ ಎಎಮ್‌ಡಿ ಡೆಸ್ಕ್‌ಟಾಪ್ ಚಿಪ್‌ಗಳ ಮಲ್ಟಿಪ್ಲೈಯರ್‌ಗೆ ಬೀಗ ಹಾಕ್ತು, ಮೊಬೈಲ್ ಚಿಪ್‌ಗೆ ಹಾಕೋಕೆ ಆಗಲ್ವಲ್ಲ, ಬ್ಯಾಟರಿ ಉಳಿಸೋಕೆ ಅದು ಓಡ್ತಾ ಓಡ್ತಾನೇ ಮಲ್ಟಿಪ್ಲೈಯರ್ ಏರಿಸಿ ಇಳಿಸ್ತಿರ್ಬೇಕು. ಜನ ಬಿಡ್ತಾರಾ? ಎನ್‌ಫೋರ್ಸ್2 ಚಿಪ್‌ಸೆಟ್‌ನ ಬೋರ್ಡ್‌ಗೆ ತಂದು ಹಾಕಿ, ಫ್ಯಾಕ್ಟರಿ ಸೆಟ್ಟಿಂಗ್ 14 ಗುಣಿಸು 133 ಇದ್ದಿದ್ದನ್ನ 11 ಗುಣಿಸು 200 ಮಾಡಿದ್ರೆ 2.2 ಗಿಗಾಹರ್ಟ್ಸ್, ಅಂದ್ರೆ ಆ ಸೀರೀಸ್‌ನ ತುದೀಲಿದ್ದ 3200+ ಏನಿತ್ತೋ ಅದೇ. ಒಳ್ಳೇ ಕೂಲರ್ ಇದ್ದೋರು 2.4, 2.5 ತನಕ ಎಳೀತಿದ್ರು. ಮೊಬೈಲ್ ಚಿಪ್ ಸಿಗದವರು ಡೆಸ್ಕ್‌ಟಾಪ್ ಚಿಪ್ ಮೈಮೇಲಿರೋ ಎಲ್5 ಅನ್ನೋ ಸಣ್ಣ ಸಣ್ಣ ಬ್ರಿಡ್ಜ್‌ಗಳನ್ನ ಕಂಡಕ್ಟಿವ್ ಪೇಂಟ್‌ನಲ್ಲಿ ಸೇರಿಸಿ, ಇದು ಮೊಬೈಲ್ ಚಿಪ್ಪೇ ಅಂತ ಬೋರ್ಡನ್ನ ನಂಬಿಸ್ತಿದ್ರು. ಬಯೋಸ್‌ನಲ್ಲಿ ಮಲ್ಟಿಪ್ಲೈಯರ್ ಆಪ್ಷನ್ನೇ ಇಲ್ಲದ ಬೋರ್ಡ್ ಆದ್ರೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಯು ಆಕಾರಕ್ಕೆ ಬಗ್ಗಿಸಿ ಸಾಕೆಟ್‌ನ ಎರಡು ತೂತಿಗೆ ಇಳಿಸಿ ಅದರ ಮೇಲೆ ಪ್ರೊಸೆಸರ್ ಕೂರಿಸೋರು. ಈಗ ಕೇಳಿದ್ರೆ ಹುಚ್ಚು ಅನ್ಸುತ್ತೆ, ಆದ್ರೆ ಕೆಲಸ ಮಾಡ್ತಿತ್ತು.

ನನಗೆ ಮಾತ್ರ ಇದಕ್ಕಿಂತ ಇಷ್ಟ ಆಗಿದ್ದು ಅದರ ಮುಂದಿನ ತಲೆಮಾರು, ಸಾಕೆಟ್ 754 ಬೋರ್ಡ್ ಮೇಲೆ ಟ್ಯೂರಿಯನ್ 64. 2005ರಲ್ಲಿ ಬಂದ ಈ ಚಿಪ್ ಹೆಸರಿಗೆ ಲ್ಯಾಪ್‌ಟಾಪ್‌ದು, ಸಾಕೆಟ್ ಮಾತ್ರ ಡೆಸ್ಕ್‌ಟಾಪ್ ಅಥ್ಲಾನ್ 64 ಕೂರೋ ಅದೇ 754. ಎಂಎಲ್ ಸೀರೀಸ್ 35 ವ್ಯಾಟ್, ಎಂಟಿ ಸೀರೀಸ್ 25 ವ್ಯಾಟ್, ಅದೇ ಸಾಕೆಟ್‌ಗೆ ಬರ್ತಿದ್ದ ಡೆಸ್ಕ್‌ಟಾಪ್ ಚಿಪ್‌ನ ರೇಟಿಂಗ್ 89 ವ್ಯಾಟ್. (ಟ್ಯೂರಿಯನ್ 64 ಎಕ್ಸ್2 ಅನ್ನೋ ಡ್ಯುಯಲ್ ಕೋರ್ ಬೇರೆ, ಅದು ಎಸ್1 ಸಾಕೆಟ್‌ದು, ಇಲ್ಲಿ ಕೂರಲ್ಲ, ಹೆಸರು ನೋಡಿ ಮೋಸ ಹೋಗ್ಬೇಡಿ.) ನನ್ನ ಹತ್ರ ಇರೋದು ಎಂಎಲ್-37, 2 ಗಿಗಾಹರ್ಟ್ಸ್, 1 ಎಂಬಿ ಕ್ಯಾಶ್ (ಪ್ರೊಸೆಸರ್ ಬಳಸೋ ವೇಗದ ಪುಟ್ಟ ಮೆಮೊರಿ), ಬರೀ ಫೈಲ್ ಇಡೋಕೆ ಅಂತ ಇಟ್ಟಿರೋ ಒಂದು ಹಳೇ ಡಬ್ಬದಲ್ಲಿ ಓಡ್ತಿದೆ.

ಅದನ್ನ ಕೂರಿಸೋವಾಗ ನೋಡ್ಬೇಕಾಗಿರೋ ಮೊದಲನೇ ವಿಷಯ ಎತ್ತರ. ಡೆಸ್ಕ್‌ಟಾಪ್ ಅಥ್ಲಾನ್ 64 ಮೇಲೆ ಲೋಹದ ಮುಚ್ಚಳ ಇರುತ್ತೆ, ಕೂಲರ್ ಬಂದು ಕೂರೋದು ಅದರ ಮೇಲೆ. ಟ್ಯೂರಿಯನ್‌ಗೆ ಮುಚ್ಚಳ ಇಲ್ಲ, ಪ್ಯಾಕೇಜ್ ನಡುವೆ ಕನ್ನಡಿ ಥರ ಹೊಳೆಯೋ ಡೈ (ಸಿಲಿಕಾನ್ ತುಂಡು), ಅದರ ಸುತ್ತ ಸಾಸಿವೆಗಿಂತ ಚಿಕ್ಕ ಕೆಪಾಸಿಟರ್‌ಗಳು. ಡೆಸ್ಕ್‌ಟಾಪ್ ಕೂಲರ್ ಇಟ್ಟು ಕ್ಲಿಪ್ ಎಳೆದ್ರೆ ಲೀವರ್ ಸಲೀಸಾಗಿ ಬಂದುಬಿಡುತ್ತೆ, ಕೈಗೆ ಬಿಗಿಯೇ ಸಿಗಲ್ಲ, ಅಲ್ಲೇ ಗೊತ್ತಾಗುತ್ತೆ ಕೂಲರ್ ತಳ ಡೈಗೆ ಸರಿಯಾಗಿ ಮುಟ್ಟಿಲ್ಲ ಅಂತ. ಸ್ವಲ್ಪ ಥರ್ಮಲ್ ಪೇಸ್ಟ್ ಹಚ್ಚಿ ಕೂರಿಸಿ ತೆಗೆದು ನೋಡಿ, ಪೇಸ್ಟ್ ಹರಡಿರಲ್ಲ, ಹಚ್ಚಿದಂಗೇ ಗುಡ್ಡೆಯಾಗಿ ನಿಂತಿರುತ್ತೆ. ಇದಕ್ಕೆ ದಾರಿ ಎರಡು, ಒಂದೋ ಕೂಲರ್ ಹಿಡಿಯೋ ಪ್ಲಾಸ್ಟಿಕ್ ಫ್ರೇಮ್‌ನ ತಗ್ಗಿಸ್ಬೇಕು, ಇಲ್ಲಾಂದ್ರೆ ಡೈ ಅಳತೆಗಿಂತ ಚೂರೇ ದೊಡ್ಡದಾದ ತಾಮ್ರದ ತಗಡು ಕತ್ತರಿಸಿ, ಎರಡೂ ಕಡೆ ಉಜ್ಜಿ ಮಟ್ಟಸ ಮಾಡಿ, ತೆಳ್ಳಗೆ ಪೇಸ್ಟ್ ಹಚ್ಚಿ ನಡುವೆ ಇಡ್ಬೇಕು. ನಾನು ತಗಡೇ ಹಾಕಿದೀನಿ. ತಗಡಿನ ಅಂಚು ಆ ಕೆಪಾಸಿಟರ್‌ಗಳಿಗೆ ತಾಗಬಾರದು, ತಾಗಿದ್ರೆ ಶಾರ್ಟ್. ಕೂಲರ್ ಇಳಿಸೋವಾಗ ಒಂದು ಕಡೆ ವಾಲಿಸಿ ಒತ್ತಿದ್ರೆ ಡೈ ಮೂಲೆ ಚಿಪ್ಪೇಳುತ್ತೆ, ಆಮೇಲೆ ಆ ಚಿಪ್‌ನ ಮರೆತುಬಿಡೋದೇ. ಹಂಗಾಗಿ ಬೋರ್ಡನ್ನ ಕೇಸ್‌ನಿಂದ ಹೊರಗೆ ತೆಗೆದು ಟೇಬಲ್ ಮೇಲೆ ಮಲಗಿಸಿ ಮಾಡಿ, ಕೇಸ್ ಒಳಗೆ ಕೈ ತೂರಿಸಿ ಮಾಡೋ ಕೆಲಸ ಅಲ್ಲ ಇದು.

ಕೂಲರ್ ಕೂತ್ಮೇಲೆ ಪವರ್ ಒತ್ತಿದ್ರೆ ಬೋರ್ಡ್ ಎದ್ದು ಸ್ಕ್ರೀನ್ ಮೇಲೆ ಅನ್‌ನೋನ್ ಅಂತಲೋ ಇನ್ನೇನೋ ಒಂದು ಹೆಸರು ತೋರಿಸಿ 800 ಮೆಗಾಹರ್ಟ್ಸ್ ಅನ್ನುತ್ತೆ. ಗಾಬರಿ ಬೇಡ, ಚಿಪ್ ಡೂಪ್ಲಿಕೇಟ್ ಅಲ್ಲ. ಈ ಮೊಬೈಲ್ ಚಿಪ್‌ಗಳು ಏಳೋದೇ ಕೆಳಗಿನ ಮೆಟ್ಟಿಲಿಂದ, 4 ಗುಣಿಸು 200, ಅಲ್ಲಿಂದ ಮೇಲಕ್ಕೆ ಹತ್ತಿಸೋದು ಬಯೋಸ್ ಮತ್ತೆ ಆಪರೇಟಿಂಗ್ ಸಿಸ್ಟಮ್ ಕೆಲಸ. ಲ್ಯಾಪ್‌ಟಾಪ್ ಬಯೋಸ್‌ನಲ್ಲಿ ಯಾವ ಸ್ಪೀಡ್‌ಗೆ ಎಷ್ಟು ವೋಲ್ಟೇಜ್ ಅನ್ನೋ ಪಟ್ಟಿ ಇರುತ್ತೆ, ಡೆಸ್ಕ್‌ಟಾಪ್ ಬೋರ್ಡ್ ಬಯೋಸ್ ಬರೆದವರು ಟ್ಯೂರಿಯನ್ ಕಂಡೇ ಇರಲ್ಲ, ಸೋ ಪಟ್ಟಿ ಇಲ್ಲ. ಲಿನಕ್ಸ್ ಹಾಕಿದ್ರೆ ಪವರ್‌ನೌ (ಎಎಮ್‌ಡಿಯ ಸ್ಪೀಡ್ ಏರಿಸಿ ಇಳಿಸೋ ತಂತ್ರ) ಡ್ರೈವರ್ ಲಾಗ್‌ನಲ್ಲಿ ಬಯೋಸ್ ಎರರ್, ಆ ಪಟ್ಟಿ ಇರಬೇಕಾದ ಪಿಎಸ್‌ಬಿ ಟೇಬಲ್ಲೂ ಇಲ್ಲ ಎಸಿಪಿಐ ಟೇಬಲ್ಲೂ ಇಲ್ಲ ಅಂತ ಬೈದು ಸುಮ್ನಾಗುತ್ತೆ. ವಿಂಡೋಸ್ ಎಕ್ಸ್‌ಪಿ ಇದ್ದೋರು ಆರ್‌ಎಂಕ್ಲಾಕ್, ಕ್ರಿಸ್ಟಲ್‌ಸಿಪಿಯುಐಡಿ ಥರದ ಸಾಫ್ಟ್‌ವೇರ್ ಹಾಕಿ ಕೈಯಾರೆ ಮಲ್ಟಿಪ್ಲೈಯರ್ ಏರಿಸ್ತಿದ್ರು, ವೋಲ್ಟೇಜನ್ನೂ ಅಲ್ಲೇ ಇಳಿಸ್ತಿದ್ರು. ಹೊಸ ಬಯೋಸ್ ಬಿಟ್ಟು ಟ್ಯೂರಿಯನ್ ಸಪೋರ್ಟ್ ಕೊಟ್ಟ ಬೋರ್ಡ್‌ಗಳೂ ಇದ್ದವು, ಅಂಥದ್ದು ಸಿಕ್ರೆ ಈ ಯಾವ ತಲೆಬಿಸಿನೂ ಇಲ್ಲ. ನನ್ನ ಬೋರ್ಡ್‌ದು ಬಯೋಸ್‌ನಲ್ಲೇ ಮಲ್ಟಿಪ್ಲೈಯರ್ 10 ಅಂತ ಗಟ್ಟಿ ಮಾಡೋ ಆಪ್ಷನ್ ಇತ್ತು, ಅಲ್ಲೇ ಇಟ್ಟು ಬಿಟ್ಟಿದೀನಿ, ಫ್ಯಾನ್ ತಿರುಗ್ತಿದೆಯೋ ಇಲ್ವೋ ಅಂತ ಬಗ್ಗಿ ನೋಡ್ಬೇಕು ಅಷ್ಟು ನಿಧಾನ.

ಇಂಟೆಲ್ ಕಡೆ ಇಷ್ಟು ಸಲೀಸಿರಲಿಲ್ಲ. ಪೆಂಟಿಯಮ್ 4-ಎಂ ಅನ್ನೋದು ಡೆಸ್ಕ್‌ಟಾಪ್ 478 ಸಾಕೆಟ್‌ನಲ್ಲೇ ಕೂರುತ್ತೆ, ಎದ್ದೂ ಏಳುತ್ತೆ, ಆದ್ರೆ ಸ್ಪೀಡ್‌ಸ್ಟೆಪ್ (ಇಂಟೆಲ್‌ನ ಸ್ಪೀಡ್ ಏರಿಸಿ ಇಳಿಸೋ ತಂತ್ರ) ಗೊತ್ತಿಲ್ಲದ ಡೆಸ್ಕ್‌ಟಾಪ್ ಬೋರ್ಡ್‌ನಲ್ಲಿ ಕೆಳಗಿನ ಮಲ್ಟಿಪ್ಲೈಯರ್ 12ರಲ್ಲೇ ನಿಂತುಬಿಡುತ್ತೆ, ಮೈಮೇಲೆ 2.2 ಅಂತ ಬರೆದಿದ್ರೂ 12 ಗುಣಿಸು 100, ಬರೀ 1.2 ಗಿಗಾಹರ್ಟ್ಸ್. ಬುದ್ಧಿವಂತರು ಇದನ್ನೇ ಲಾಭ ಮಾಡ್ಕೊಂಡ್ರು, 865 ಚಿಪ್‌ಸೆಟ್ ಬೋರ್ಡ್‌ನಲ್ಲಿ ಎಫ್‌ಎಸ್‌ಬಿನ (ಬೋರ್ಡಿನ ಮೂಲ ಕ್ಲಾಕ್) 200ಕ್ಕೆ ಏರಿಸಿದ್ರೆ 12 ಗುಣಿಸು 200, 2.4 ಗಿಗಾಹರ್ಟ್ಸ್, ಮೆಮೊರಿನೂ ಪೂರ್ತಿ ಸ್ಪೀಡ್‌ನಲ್ಲಿ. ಎಂ ಅನ್ನೋ ಬಾಲ ಇಲ್ಲದ ಮೊಬೈಲ್ ಪೆಂಟಿಯಮ್ 4 ಅಂತ ಇನ್ನೊಂದು ಜಾತಿ ಇದೆ, ಅದು ಡೆಸ್ಕ್‌ಟಾಪ್ ಚಿಪ್‌ನಷ್ಟೇ ಬಿಸಿ, ಅದಕ್ಕೋಸ್ಕರ ಮೈ ಕೈ ನೋಯಿಸ್ಕೊಳ್ಳೋದು ದಂಡ.

ನಿಜವಾದ ತಮಾಷೆ ಇರೋದು ಪೆಂಟಿಯಮ್ ಎಂ ಕಥೇಲಿ (4-ಎಂ ಬೇರೆ, ಇದು ಬೇರೆ). 2003ರಲ್ಲಿ ಅದರ ಮೊದಲನೇ ಆವೃತ್ತಿ ಬೇನಿಯಾಸ್, 2004ರಲ್ಲಿ 2 ಎಂಬಿ ಕ್ಯಾಶ್ ಇರೋ ಡೋಥನ್. ಅದೇ ಹೊತ್ತಿಗೆ ಇಂಟೆಲ್‌ನ ಡೆಸ್ಕ್‌ಟಾಪ್ ಚಿಪ್ ಪ್ರೆಸ್ಕಾಟ್ 90, 100 ವ್ಯಾಟ್ ಕುಡಿದು ಕೇಸನ್ನೇ ಬಿಸಿ ಮಾಡ್ತಿದ್ರೆ, 21ರಿಂದ 27 ವ್ಯಾಟ್‌ನ ಡೋಥನ್ ಕ್ಲಾಕ್ ಕಮ್ಮಿ ಇದ್ರೂ ಗೇಮ್ಸ್‌ನಲ್ಲಿ ಅದಕ್ಕೆ ಸರಿಸಮ ನಿಲ್ತಿತ್ತು. ಆದ್ರೆ ಪಿನ್ ಜೋಡಣೆ ಬೇರೆ ಇದ್ದಿದ್ರಿಂದ ನೇರವಾಗಿ 478ರಲ್ಲಿ ಕೂರಲ್ಲ. 2005ರಲ್ಲಿ ಆಸುಸ್ ಸಿಟಿ-479 ಅಂತ ಒಂದು ಅಡಾಪ್ಟರ್ ಬಿಟ್ತು, ತನ್ನವೇ ಆದ 865 ಮತ್ತೆ 875 ಚಿಪ್‌ಸೆಟ್‌ನ ಕೆಲವು ಬೋರ್ಡ್‌ಗಳಿಗೆ. ಕೆಳಗಡೆ 478 ಪಿನ್ನು, ಮೇಲೆ ಪೆಂಟಿಯಮ್ ಎಂ ಸಾಕೆಟ್ಟು, ಎಫ್‌ಎಸ್‌ಬಿ 400ಆ 533ಆ (ಮೂಲ ಕ್ಲಾಕ್ 100, 133ರ ನಾಲ್ಕು ಪಟ್ಟು ಲೆಕ್ಕ) ಅಂತ ಆರಿಸೋಕೆ ಜಂಪರ್, ಜೊತೆಗೆ ಫ್ಲಾಪಿ ಡ್ರೈವ್‌ಗೆ ಹಾಕೋ ಸಣ್ಣ ಪವರ್ ಕನೆಕ್ಟರ್‌ನ ಇದಕ್ಕೆ ಚುಚ್ಚಬೇಕು. ಎತ್ತರ ಬದಲಾಗೋದ್ರಿಂದ ಕೂಲರ್‌ನೂ ಜೊತೇಲೇ ಕೊಡ್ತಿದ್ರು, ಬಯೋಸ್ ಅಪ್‌ಡೇಟ್ ಬೇರೆ. ಅಂದ್ರೆ ಕೂರಿಸೋದು, ಕರೆಂಟು, ಬಯೋಸ್, ಈ ಮೂರನ್ನೂ ಒಂದೇ ಡಬ್ಬಿಲಿ ಹಾಕಿ ಕಂಪನಿನೇ ಕೊಟ್ಟಿದ್ದು ಅಪರೂಪಕ್ಕೆ ಅಂದ್ರೆ ಇದೇ. 2 ಗಿಗಾಹರ್ಟ್ಸ್ ಚಿಪ್ ತಂದು 2.4, 2.5ಕ್ಕೆ ಏರಿಸಿ ಆ ಕಾಲದ ದುಬಾರಿ ಚಿಪ್‌ಗಳ ಜೊತೆ ಗೇಮ್ಸ್‌ನಲ್ಲಿ ಕುಸ್ತಿ ಆಡಿಸ್ತಿದ್ರು. ವಿಡಿಯೋ ಎನ್‌ಕೋಡಿಂಗ್‌ಗೆ ಮಾತ್ರ ಅಷ್ಟಕ್ಕಷ್ಟೆ, ಹೈಪರ್‌ಥ್ರೆಡಿಂಗ್ ಇಲ್ಲ, ಎಸ್‌ಎಸ್‌ಇ3 ಇಲ್ಲ, 64 ಬಿಟ್ ಅಂತೂ ಕೇಳಲೇಬೇಡಿ. ಅದೇನೇ ಇರಲಿ, ಕೊನೆಗೆ ಗೆದ್ದಿದ್ದು ಯಾವುದು ನೋಡಿ, ಇಂಟೆಲ್ ಪೆಂಟಿಯಮ್ 4 ವಂಶನ ಕೈಬಿಟ್ಟು 2006ರಲ್ಲಿ ತಂದ ಕೋರ್ ಡ್ಯುಯೋ, ಕೋರ್ 2 ಡ್ಯುಯೋ ಎರಡರ ಬೇರೂ ಈ ಲ್ಯಾಪ್‌ಟಾಪ್ ಚಿಪ್ಪಲ್ಲೇ ಇರೋದು. ಆ ಲೆಕ್ಕದಲ್ಲಿ ಅಲ್ಲಿಂದಾಚೆಗೆ ಡೆಸ್ಕ್‌ಟಾಪ್‌ನಲ್ಲಿ ನಾವೆಲ್ಲ ಓಡಿಸಿದ್ದು ಲ್ಯಾಪ್‌ಟಾಪ್ ಪ್ರೊಸೆಸರ್ ಮೊಮ್ಮಕ್ಕಳನ್ನೇ.

ಇನ್ನೂ ಹಿಂದಕ್ಕೆ ಹೋದ್ರೆ ರೆಟ್ರೋ ಹುಚ್ಚಿನವರ ಕಣ್ಮಣಿ ಒಂದಿದೆ, ಎಎಮ್‌ಡಿ ಕೆ6-2+ ಮತ್ತೆ ಕೆ6-III+, 2000ದಲ್ಲಿ ಲ್ಯಾಪ್‌ಟಾಪ್‌ಗೆ ಅಂತ ಬಂದಿದ್ದು, ಕೂರೋದು ಸೂಪರ್ ಸಾಕೆಟ್ 7 ಡೆಸ್ಕ್‌ಟಾಪ್ ಬೋರ್ಡ್‌ನಲ್ಲಿ. ಮಾಮೂಲಿ ಕೆ6-2 ಚಿಪ್ ಒಳಗೆ ಎಲ್2 ಕ್ಯಾಶೇ ಇರಲಿಲ್ಲ, ಪ್ಲಸ್‌ನಲ್ಲಿ 128 ಕೆಬಿ, III+ ನಲ್ಲಿ 256 ಕೆಬಿ ಚಿಪ್ ಒಳಗೇ, ಬೋರ್ಡ್ ಮೇಲಿರೋ ಕ್ಯಾಶ್ ತಾನಾಗೇ ಎಲ್3 ಆಗಿಬಿಡುತ್ತೆ. ವೋಲ್ಟೇಜ್ 2.0, ಬೋರ್ಡ್‌ನಲ್ಲಿ ಆ ಜಂಪರ್ ಸೆಟ್ಟಿಂಗ್ ಇದೆಯಾ ಅಂತ ಮೊದ್ಲು ನೋಡ್ಕೊಳ್ಳಿ, 2.8ರಿಂದ ಶುರುವಾಗೋ ಹಳೇ ಬೋರ್ಡ್ ಆದ್ರೆ ಮುಟ್ಟೋಕೇ ಹೋಗ್ಬೇಡಿ. ಮಲ್ಟಿಪ್ಲೈಯರ್ ವಿಷಯದಲ್ಲಿ ಒಂದು ಚಂದದ ಉಪಾಯ ಮಾಡಿದಾರೆ, ಜಂಪರ್ 2 ಅಂತ ಇಟ್ರೆ ಚಿಪ್ ಅದನ್ನ 6 ಅಂತ ಓದ್ಕೊಳುತ್ತೆ, 6 ಅನ್ನೋ ಜಂಪರ್ ಇಲ್ಲದ ಬೋರ್ಡ್‌ನಲ್ಲೂ 6 ಗುಣಿಸು 100 ಅಂತ 600 ಮೆಗಾಹರ್ಟ್ಸ್ ಸಿಗುತ್ತೆ.

ಆದ್ರೆ ಅದನ್ನ ಹುಡುಕ್ಕೊಂಡು ಹೋಗೋದು 600ರ ಆಸೆಗಲ್ಲ, ಪವರ್‌ನೌ ಇರೋದ್ರಿಂದ ಡಾಸ್ ಪ್ರಾಂಪ್ಟ್‌ನಲ್ಲಿ ಸೆಟ್‌ಮಲ್ ಅನ್ನೋ ಪುಟಾಣಿ ಪ್ರೋಗ್ರಾಮ್‌ನಿಂದ ರೀಸ್ಟಾರ್ಟ್ ಮಾಡದೇ ಸ್ಪೀಡ್ ಇಳಿಸ್ಬೋದು, ಅದರ ಮೇಲೆ ಎಲ್1 ಕ್ಯಾಶ್ ಆಫ್ ಮಾಡಿದ್ರೆ 386 ಕಾಲದ ವೇಗಕ್ಕೆ ಬಂದು ನಿಲ್ಲುತ್ತೆ. ಡಾಸ್ ಗೇಮ್ ಆಡೋರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಆಡಿದೋರಿಗೇ ಗೊತ್ತು, ಕೆಲವು ಗೇಮ್ ಫಾಸ್ಟ್ ಮೆಷಿನ್‌ನಲ್ಲಿ ಕಣ್ಮುಚ್ಚಿ ಬಿಡೋದ್ರೊಳಗೆ ಗೇಮ್ ಓವರ್. ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಪ್ರೋಗ್ರಾಮ್‌ಗಳು ಶುರುವಾಗೋ ಮುಂಚೆನೇ ರನ್‌ಟೈಮ್ ಎರರ್ 200 ಅಂತ ಕೈ ಎತ್ತಿಬಿಡ್ತವೆ, ಯಾಕಂದ್ರೆ ಮೆಷಿನ್ ಎಷ್ಟು ಫಾಸ್ಟ್ ಅಂತ ಅಳೆಯೋ ಲೆಕ್ಕದಲ್ಲಿ ಉತ್ತರ ಹಿಡಿಯೋಕೆ ಜಾಗ ಸಾಲಲ್ಲ. ಸ್ಪೀಡ್ ಇಳಿಸಿ ಶುರು ಮಾಡಿದ್ರೆ ಆಯ್ತು. ಒಂದೇ ಡಬ್ಬದಲ್ಲಿ 386ರಿಂದ ಪೆಂಟಿಯಮ್ II ತನಕ, ಇದಕ್ಕಿಂತ ಇನ್ನೇನು ಬೇಕು.

ಈಗಿನ ಕಾಲದ ಆವೃತ್ತಿಗೆ ಬರೋಣ, ಮ್ಯೂಟೆಂಟ್ ಚಿಪ್ ಅಂತಾರಲ್ಲ ಅದು. ಇಂಟೆಲ್ 100 ಮತ್ತೆ 200 ಸೀರೀಸ್ ಬೋರ್ಡ್‌ಗಳು 1151 ಸಾಕೆಟ್, 4 ಕೋರ್‌ಗೇ ಸೀಮಿತ. 2017ರಲ್ಲಿ 6 ಕೋರ್‌ನ ಕಾಫಿ ಲೇಕ್ ಬಂದಾಗ ಅದೇ 1151 ಪಿನ್ ಇದ್ರೂ 300 ಸೀರೀಸ್ ಬೋರ್ಡೇ ಬೇಕು ಅಂದ್ರು, ಹೊಟ್ಟೆ ಉರಿಯಲ್ವಾ. ಆಮೇಲೆ ಯಾರೋ ತಲೆ ಓಡಿಸಿ, ಬೆಸುಗೆ ಹಾಕೋಕೆ ಅಂತ ಮಾಡಿದ 6 ಕೋರ್, 8 ಕೋರ್ ಲ್ಯಾಪ್‌ಟಾಪ್ ಚಿಪ್‌ಗಳನ್ನ ಒಂದು ಪುಟ್ಟ ಬೋರ್ಡ್ ಮೇಲೆ ಬೆಸೆದು, ಅದರ ಕೆಳಗಡೆ 1151ರ ಪ್ಯಾಡ್ ಮಾಡಿ, ಡೆಸ್ಕ್‌ಟಾಪ್ ಚಿಪ್ ಥರಾನೇ ಕೂರಿಸೋಂಗೆ ಮಾಡಿದ್ರು. ಕೂರಿಸೋದು ಒಂದು ನಿಮಿಷ. ಆಮೇಲೆ ಶುರು ನೋಡಿ, ಆ ಚಿಪ್‌ನ ಮೈಕ್ರೋಕೋಡ್ (ಚಿಪ್‌ಗೆ ಬೇಕಾದ ಒಳ ಸೂಚನೆಗಳು) ಬಯೋಸ್‌ಗೆ ಸೇರಿಸ್ಬೇಕು, ಬೋರ್ಡಿನ ಚಿಪ್‌ಸೆಟ್ ಒಳಗೆ ಓಡೋ ಮ್ಯಾನೇಜ್‌ಮೆಂಟ್ ಎಂಜಿನ್ ಫರ್ಮ್‌ವೇರ್ ಹೊಂದಿಸ್ಬೇಕು, ಹಂಗೆ ತಿದ್ದಿದ ಬಯೋಸ್‌ನ ಬೋರ್ಡ್‌ನ ಮಾಮೂಲಿ ಅಪ್‌ಡೇಟ್ ಟೂಲ್ ಒಪ್ಪಲ್ಲ. ಸೋ ಸಿಎಚ್341ಎ ಅನ್ನೋ ಪ್ರೋಗ್ರಾಮರ್ ತಗೊಂಡು, ಎಂಟು ಕಾಲಿನ ಬಯೋಸ್ ಚಿಪ್‌ಗೆ ಕ್ಲಿಪ್ ಕಚ್ಚಿಸಿ ನೇರವಾಗಿ ಬರೀಬೇಕು. ಕ್ಲಿಪ್‌ನ ಕೆಂಪು ತಂತಿ ಚಿಪ್ ಮೇಲೆ ಚುಕ್ಕೆ ಇರೋ ಮೂಲೆಗೆ ಬರ್ಬೇಕು, ಬೋರ್ಡ್‌ಗೆ ಪವರ್ ಕೇಬಲ್ ಇರಬಾರದು, ಮೊದ್ಲು ಹಳೇದನ್ನ ಎರಡು ಸಲ ಓದಿ ಎರಡೂ ಫೈಲ್ ಒಂದೇ ಇದೆಯಾ ಅಂತ ಹೋಲಿಸ್ಬೇಕು, ಕ್ಲಿಪ್ ಒಂಚೂರು ಸಡಿಲ ಇದ್ರೂ ಎರಡು ಫೈಲ್ ಎರಡು ಥರ ಬರ್ತವೆ. ಈ ಪ್ರೋಗ್ರಾಮರ್‌ನ ಕಪ್ಪು ಬೋರ್ಡ್ ಆವೃತ್ತಿ ಡೇಟಾ ಲೈನ್ ಮೇಲೆ 5 ವೋಲ್ಟ್ ಬಿಡುತ್ತೆ, ಚಿಪ್‌ಗಳಿಗೆ ಬೇಕಿರೋದು 3.3, ಅದನ್ನೂ ಗಮನಿಸ್ಕೊಳ್ಳಿ.

ಇಷ್ಟೆಲ್ಲ ಮಾಡಿ ಓಡಿಸ್ತಿರೋರು ಬೇಕಾದಷ್ಟು ಜನ ಇದಾರೆ, 8 ಕೋರ್ ಸಿಗುತ್ತೆ ನಿಜ. ನನಗ್ಯಾಕೋ ಇದು ಒಗ್ಗಲಿಲ್ಲ. ಆ ಚಿಪ್‌ಗಳಲ್ಲಿ ಬಹಳಷ್ಟು ಎಂಜಿನಿಯರಿಂಗ್ ಸ್ಯಾಂಪಲ್, ಅಂದ್ರೆ ಪರೀಕ್ಷೆಗೆ ಅಂತ ಕೊಟ್ಟಿದ್ದು, ಮಾರೋ ಹಾಗೇ ಇಲ್ಲ ಅಂತ ಇಂಟೆಲ್ಲೇ ಹೇಳುತ್ತೆ, ಅದೂ ಅಲ್ದೆ 4 ಕೋರ್ ಲೆಕ್ಕದಲ್ಲಿ ಮಾಡಿದ ಅಗ್ಗದ ಬೋರ್ಡ್‌ನ ವಿಆರ್‌ಎಂ (ಚಿಪ್‌ಗೆ ಕರೆಂಟ್ ಹದಮಾಡಿ ಕೊಡೋ ಭಾಗ) ಮೇಲೆ 8 ಕೋರ್ ಕೂರಿಸಿ ಪವರ್ ಲಿಮಿಟ್ ತೆಗೆದ್ರೆ ಅದರ ಮಾಸ್ಫೆಟ್ (ಕರೆಂಟ್ ಸ್ವಿಚ್) ಪಕ್ಕ ಬೆರಳಿಡೋಕಾಗಲ್ಲ. ಮಾಡೋದಾದ್ರೆ ಪವರ್ ಲಿಮಿಟ್ 45 ವ್ಯಾಟ್ ಆಸುಪಾಸಿಗೆ ಕಟ್ಟಿಹಾಕಿ, ಆ ಚಿಪ್ ಹುಟ್ಟಿದ್ದೇ ಅಷ್ಟರಲ್ಲಿ ಓಡೋಕೆ. ದಿನಾ ಕೆಲಸ ಮಾಡೋ ಮೆಷಿನ್‌ಗಂತೂ ನಾನು ಇದನ್ನ ಹಾಕಲ್ಲ.

ಹೊಸದಾಗಿ ಕೈ ಹಾಕೋರು 754 ಬೋರ್ಡ್‌ನಿಂದಲೇ ಶುರು ಮಾಡಿ ಅಂತೀನಿ, ಅಡಾಪ್ಟರ್ ಬೇಡ, ಪ್ರೋಗ್ರಾಮರ್ ಬೇಡ, ಪಿನ್ ಸಲೀಸಾಗಿ ಕೂರುತ್ತೆ. ಬೋರ್ಡ್ ಆರಿಸೋವಾಗ ಬಯೋಸ್‌ನಲ್ಲಿ ಮಲ್ಟಿಪ್ಲೈಯರ್, ವೋಲ್ಟೇಜ್ ಎರಡನ್ನೂ ಕೈಯಾರೆ ಇಡೋ ಆಪ್ಷನ್ ಇದೆಯಾ ನೋಡಿ. ಸಾಕೆಟ್ ಸುತ್ತ ಇರೋ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿದೆಯಾ ಉಬ್ಬಿದೆಯಾ ನೋಡಿ, ಆ ಕಾಲದ ಬೋರ್ಡ್‌ಗಳಿಗೆ ಅದೊಂದು ರೋಗ. ಮತ್ತೆ ಬಯೋಸ್ ಅಪ್‌ಡೇಟ್ ಇದ್ರೆ ಹಳೇ ಡೆಸ್ಕ್‌ಟಾಪ್ ಚಿಪ್ ಬೋರ್ಡ್ ಮೇಲೆ ಇರೋವಾಗ್ಲೇ ಮಾಡಿ ಮುಗಿಸಿ, ಆಮೇಲೆ ಚಿಪ್ ಬದಲಾಯಿಸಿ. ಎಲ್ಲ ಸರಿಯಾಗಿ ಓಡೋ ತನಕ ಆ ಹಳೇ ಚಿಪ್‌ನ ಯಾರಿಗೂ ಕೊಡ್ಬೇಡಿ, ಬೋರ್ಡ್ ಎಬ್ಬಿಸೋಕೆ ಮತ್ತೆ ಬೇಕಾಗುತ್ತೆ.